ಅಪ್ಪನ ಚೇತಕ್‌ಗೆ ಪೇಂಟ್: ಸ್ಪ್ರೇ ಡಬ್ಬಿಯೋ, ಎನಾಮಲ್ಲೋ, ಪಿಯುವೋ?

ಅಪ್ಪನ 1996ರ ಬಜಾಜ್ ಚೇತಕ್ ಸ್ಕೂಟರ್ ಶಿವಮೊಗ್ಗದ ನಮ್ಮ ಮನೆಯ ಹಿಂದೆ ಶೀಟಿನಡಿ ವರ್ಷಗಟ್ಟಲೆ ನಿಂತಿತ್ತು. ಎಂಜಿನ್ ಕೆಲಸ ಮುಗಿಸಿದಾಗ ಪೇಂಟಿಗೆ ಉಳಿದದ್ದು ಆರು ಸಾವಿರ. ಬಿಚ್ಚಿ, ಉಜ್ಜಿ, ಬಣ್ಣ ಹೊಡೆದು, ಜೋಡಿಸಿ ಕೊಡಲು ಗ್ಯಾರೇಜಿನಲ್ಲಿ ಒಂಬತ್ತು ಸಾವಿರ ಕೇಳಿದರು. ಸರಿ, ನಾನೇ ನೋಡೋಣ ಅಂದುಕೊಂಡೆ. ಚೇತಕ್‌ನ ಎರಡೂ ಪಕ್ಕದ ಪ್ಯಾನೆಲ್ ಕಳಚಿ ಬರುತ್ತವೆ, ಪ್ರಯೋಗಕ್ಕೆ ಹೇಳಿ ಮಾಡಿಸಿದ ಹಾಗೆ. ಬಲಗಡೆ ಎಂಜಿನ್ ಪ್ಯಾನೆಲ್‌ಗೆ ಸ್ಪ್ರೇ ಡಬ್ಬಿ, ಎಡಗಡೆಯದಕ್ಕೆ ಎನಾಮಲ್.

ಬಣ್ಣ ಬದಲಿಸುವ ಗೋಜಿಗೆ ಹೋಗಲಿಲ್ಲ. ಆರ್‌ಸಿಯಲ್ಲಿ ಹಸಿರು ಅಂತ ಇದೆ, ಬೇರೆ ಬಣ್ಣ ಅಂದರೆ ಆರ್‌ಟಿಒ ಓಡಾಟ. ಆದರೆ ಯಾವ ಹಸಿರು? ಹೊರಗಿನದು ಬಿಸಿಲಿಗೆ ಮಾಸಿತ್ತು. ಡಿಕ್ಕಿ ಬಾಗಿಲಿನ ಒಳಮೈ ನೋಡಿದರೆ ಶೋರೂಮಿನಿಂದ ಬಂದ ಬಣ್ಣ ಹಾಗೇ ಇತ್ತು. ಆ ಬಾಗಿಲನ್ನೇ ಅಂಗಡಿಗೆ ಒಯ್ದು ಶೇಡ್ ಹೊಂದಿಸಿದೆ.

ಸ್ಪ್ರೇ ಡಬ್ಬಿ ಖುಷಿ ಕೊಡುತ್ತದೆ, ಸುಳ್ಳು ಹೇಳೋದಿಲ್ಲ. ಸ್ಪ್ರೇ ಗನ್ ಬೇಡ, ಕಂಪ್ರೆಸರ್ ಬೇಡ. ಒಂದು ಗೇಣು ದೂರದಿಂದ ತೆಳ್ಳಗೆ ಹೊಡೆದು, ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು ಕೋಟು. ಅವಸರ ಮಾಡಿದ ಕಡೆ ಬಣ್ಣ ಕಣ್ಣೀರಿನ ಹಾಗೆ ಇಳಿಯಿತು, ಅದನ್ನು ಒಣಗಿಸಿ ಮತ್ತೆ ಉಜ್ಜಬೇಕಾಯಿತು. ಇನ್ನೊಂದು ತಪ್ಪು ಅಂದರೆ ಜುಲೈ ತಿಂಗಳಲ್ಲಿ ಕೂತದ್ದು. ಮಳೆಗಾಲದ ತೇವಕ್ಕೆ ಪ್ಯಾನೆಲ್ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು ಕೂತಿತು. ಬಿಸಿಲು ಬಂದ ಮೇಲೆ ಇನ್ನೊಂದು ಕೋಟು ಹೊಡೆದೆ, ಹೋಯಿತು.

ಒಂದು ಪ್ಯಾನೆಲ್‌ಗೆ ಪ್ರೈಮರ್, ಬಣ್ಣ, ಅದರ ಮೇಲಿನ ಬಣ್ಣವಿಲ್ಲದ ಹೊಳಪಿನ ಕೋಟು (ಕ್ಲಿಯರ್) ಎಲ್ಲ ಸೇರಿ ನಾಲ್ಕು ಡಬ್ಬಿ, 1,200 ರೂಪಾಯಿ. ಇಡೀ ಗಾಡಿಗೆ ಲೆಕ್ಕ ಹಾಕಿದರೆ ಹನ್ನೆರಡು ಡಬ್ಬಿಯಾದರೂ ಬೇಕು. ಅಂದರೆ 3,600. ಇದು ಅಗ್ಗದ ದಾರಿ ಅಂತ ಯಾರು ಹೇಳಿದ್ದು?

ಎನಾಮಲ್ ನಿಜವಾಗಿ ಅಗ್ಗ. ಮನೆಯ ಗೇಟಿಗೆ ಹೊಡೀತೇವಲ್ಲ, ಅದೇ. ಅರ್ಧ ಲೀಟರ್, ಟರ್ಪೆಂಟೈನ್, ಚಿಕ್ಕ ಸ್ಪಂಜ್ ರೋಲರ್ ಎಲ್ಲ ಸೇರಿ 350 ರೂಪಾಯಿ. ಬ್ರಷ್ಷಿಗಿಂತ ರೋಲರ್ ಮೇಲು. ಚೂರು ತೆಳ್ಳಗೆ ಮಾಡಿಕೊಂಡರೆ ಗೆರೆ ಬೀಳುವುದು ಕಮ್ಮಿ. ಆದರೆ ಒಂದು ಕೋಟು ಒಣಗಲು ಒಂದು ದಿನ. ಅಷ್ಟರಲ್ಲಿ ಧೂಳು, ಸೊಳ್ಳೆ, ಪಕ್ಕದ ಮನೆಯ ಬೆಕ್ಕಿನ ಕೂದಲು ಎಲ್ಲ ಅಂಟಿದವು. ಹತ್ತಡಿ ದೂರದಿಂದ ಚೆನ್ನಾಗೇ ಕಾಣುತ್ತದೆ. ಹತ್ತಿರ ಬಂದರೆ ಕಿತ್ತಳೆ ಸಿಪ್ಪೆ. ಅಪ್ಪ ಬಗ್ಗಿ ನೋಡಿ, "ಇದೆಂತ ಮಾರಾಯ, ಟ್ರಂಕಿಗೆ ಬಣ್ಣ ಹೊಡ್ದಂಗೆ ಆಯ್ತಲ್ಲ" ಅಂದರು.

ಹತ್ತು ದಿನ ಬಿಟ್ಟು ಎರಡಕ್ಕೂ ಪೆಟ್ರೋಲ್ ಪರೀಕ್ಷೆ. ಚೇತಕ್‌ನಲ್ಲಿ ಪೆಟ್ರೋಲ್ ಹಾಕುವ ಬಾಯಿ ಸೀಟಿನ ಕೆಳಗೇ ಇದೆ. ಬಂಕಿನಲ್ಲಿ ಎರಡು ಹನಿ ಚೆಲ್ಲದೆ ಇರೋದಿಲ್ಲ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿದೆ. ಸ್ಪ್ರೇ ಡಬ್ಬಿಯ ಹಸಿರು ಬಟ್ಟೆಗೆ ಬಂತು. ಎನಾಮಲ್ ಬಣ್ಣ ಬಿಡಲಿಲ್ಲ, ಆದರೆ ಅಂಟಂಟಾಯಿತು. ನನಗೆ ಅಲ್ಲಿಗೆ ತೀರ್ಮಾನವಾಯಿತು: ಇವೆರಡೂ ಬೇಡ, ಪಿಯು, ಅಂದರೆ ಪಾಲಿಯುರೆಥೇನ್ ಪೇಂಟೇ ಸರಿ.

ಪೇಂಟರ್ ಹತ್ತಿರ ಹೋಗಿ, "ಬಿಚ್ಚೋದು, ಉಜ್ಜೋದು ಎಲ್ಲ ನನ್ನದು, ಪಿಯು ಹೊಡೆದು ಕೊಡೋಕೆ ಎಷ್ಟು?" ಅಂತ ಕೇಳಿದೆ. ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ 4,200 ಅಂದರು. ಎನಾಮಲ್ ಪ್ಯಾನೆಲ್ ನೋಡಿ ತಲೆ ಅಲ್ಲಾಡಿಸಿದರು. "ಇದರ ಮೇಲೆ ಹೊಡೆದ್ರೆ ಸುಕ್ಕು ಬರುತ್ತೆ ಸರ್. ಪೂರ್ತಿ ತೆಗೆದು ತನ್ನಿ." ಥಿನ್ನರ್ ತಾಗಿದರೆ ಕೆಳಗಿನ ಎನಾಮಲ್ ಮೇಲೇಳುತ್ತದಂತೆ. ಅಂದರೆ 350 ರೂಪಾಯಿಯ ಅಗ್ಗದ ದಾರಿಗೆ ಪೇಂಟ್ ರಿಮೂವರ್, ಅರ್ಧ ಭಾನುವಾರ ದಂಡ. ಸ್ಪ್ರೇ ಪ್ಯಾನೆಲ್ಲಿಗೂ ಅದೇ ಗತಿ.

ಉಜ್ಜುವ ಕೆಲಸ ನಾಲ್ಕು ಭಾನುವಾರ ತಿಂದಿತು. ಫುಟ್‌ಬೋರ್ಡಿನ ರಬ್ಬರ್ ಎಬ್ಬಿಸಿದರೆ ಕೆಳಗೆ ತುಕ್ಕು ಪದರ ಪದರ. ವೈರ್ ಬ್ರಷ್, ಆಮೇಲೆ 80, 180, 320 ನಂಬರಿನ ಪೇಪರ್. ಗುಂಡಿ ಬಿದ್ದ ಕಡೆ ಪುಟ್ಟಿ. ಇದಕ್ಕೆಲ್ಲ 800 ರೂಪಾಯಿ. ಬರಿ ತಗಡು ನಮ್ಮೂರ ಮಳೆಗೆ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಹಾಗಾಗಿ ಕೊನೆಯ ಉಜ್ಜಾಟ ಮುಗಿಸಿದ ಸಂಜೆಯೇ ಗೂಡ್ಸ್ ಆಟೋದಲ್ಲಿ ಸಾಗಿಸಿದೆ. ಆಟೋದವರಿಗೆ ಕೊಟ್ಟದ್ದು ಈ ಲೆಕ್ಕದಲ್ಲಿಲ್ಲ.

ಡಬ್ಬಿ ಪೇಂಟ್ ಥಿನ್ನರ್ ಆರಿ ಗಟ್ಟಿಯಾಗುತ್ತದೆ ಅಷ್ಟೇ, ಪೆಟ್ರೋಲ್ ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಪಿಯು ಹಾರ್ಡನರ್ ಅನ್ನುವ ಗಟ್ಟಿ ಮಾಡುವ ದ್ರವದ ಜೊತೆ ಬೆರೆತು ಕೂರುತ್ತದೆ, ಆಮೇಲೆ ಕರಗೋದಿಲ್ಲ. ಪೇಂಟರ್ ಹೊಡೆದು ಕೊಟ್ಟ ಒಂದು ವಾರದ ಮೇಲೆ ಬೇರೆ ಬಿಳಿ ಬಟ್ಟೆ, ಅದೇ ಪೆಟ್ರೋಲ್ ಪರೀಕ್ಷೆ. ಬಟ್ಟೆ ಬೆಳ್ಳಗೇ ಉಳಿಯಿತು. ಆದರೆ ಬಾಡಿಗೆ ಗನ್ ತಂದು ಇದನ್ನು ಮನೆಯಲ್ಲೇ ಹೊಡೀತೀನಿ ಅಂತ ಹೋಗಬೇಡಿ. ಹಾರ್ಡನರ್‌ನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಕರ್ಚೀಫ್ ಕಟ್ಟಿದರೆ ಸಾಲದು.

ಪೌಡರ್ ಕೋಟಿಂಗ್ ಕೂಡ ವಿಚಾರಿಸಿದ್ದೆ. ಸುಮಾರು 180-200 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ, ನಾವು ಹಾಕಿದ ಮಾಮೂಲಿ ಪುಟ್ಟಿ ಅಷ್ಟು ಬಿಸಿ ತಡೆಯೋದಿಲ್ಲ. ತಗ್ಗುಬಿದ್ದ ಹಳೇ ತಗಡಿಗೆ ಅದು ಆಗದ ಮಾತು. ಸ್ಟಿಕ್ಕರ್ ಸುತ್ತಿಸುವ ಯೋಚನೆ ಚೇತಕ್‌ನ ಉಬ್ಬುತಗ್ಗು ನೋಡಿಯೇ ಬಿಟ್ಟೆ.

ಪ್ರಯೋಗಕ್ಕೆ ಹೋದ 1,550 ಸೇರಿ ಒಟ್ಟು 6,550. ಬಜೆಟ್ ಮೀರಿತು, ಆದರೆ ಒಂಬತ್ತು ಸಾವಿರಕ್ಕಿಂತ ಎಷ್ಟೋ ವಾಸಿ. ಉಳಿದ ಎನಾಮಲ್ ಫುಟ್‌ಬೋರ್ಡಿನ ಅಡಿಗೆ ದಪ್ಪಗೆ ಬಳಿದೆ. ಅಲ್ಲಿ ಯಾರೂ ಬಗ್ಗಿ ನೋಡೋದಿಲ್ಲ, ಅಪ್ಪ ಒಬ್ಬರನ್ನು ಬಿಟ್ಟು. ಚಕ್ರದ ರಿಮ್ಮಿಗೆ ಸಿಲ್ವರ್ ಸ್ಪ್ರೇ ಡಬ್ಬಿಯೇ ಸಾಕು ಅನ್ನಿಸಿದೆ. ಅದಿನ್ನೂ ಬಾಕಿ ಇದೆ, ಮಳೆ ನಿಲ್ಲಲಿ.