ಸೆಕೆಂಡ್ ಹ್ಯಾಂಡ್ .315 ಬೋಲ್ಟ್ ರೈಫಲ್: ಬೆಳಗಾವಿಯಲ್ಲಿ ಕೊಂಡು, ದುರಸ್ತಿ ಮಾಡಿಸಿ, ಬಳಸಿ ನೋಡಿದ ಮೇಲೆ

ಪರವಾನಗಿ ಕೈಯಲ್ಲಿದ್ದು, ಹೊಸ ರೈಫಲ್‌ಗೆ ಬೇಕಾದಷ್ಟು ಹಣ ಹೊಂದಿಸಲಾಗದವರು ಪಶ್ಚಿಮ ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಹಳೆಯ .315 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ, ಇಲ್ಲಿ ಇಂಚಿನಲ್ಲಿ) ಸ್ಪೋರ್ಟಿಂಗ್ ರೈಫಲನ್ನು ನಿಶ್ಚಿಂತೆಯಿಂದ ಕೊಳ್ಳಬಹುದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಅದರ ಹೊರಗಿನ ಹೊಳಪಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬಾರದು. ಕೊಡುವ ಹಣವೆಲ್ಲ ಬ್ಯಾರಲ್ (ನಳಿಗೆ) ಮತ್ತು ಬೋಲ್ಟಿನ (ಕೈಯಿಂದ ಎಳೆದು ಗುಂಡು ಏರಿಸಿ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ದಂಡದ) ಸ್ಥಿತಿಗೆ ಸಲ್ಲಬೇಕು. ನಾನು ಕೊಂಡ ರೈಫಲ್ ನೋಡಲು ಸೊರಗಿತ್ತು, ಕಟ್ಟಿಗೆ ಕಪ್ಪಿಟ್ಟಿತ್ತು, ಹೊರಮೈಯಲ್ಲಿ ಅಲ್ಲಲ್ಲಿ ತುಕ್ಕು ಕೂತಿತ್ತು. ಆದರೂ ಅಂಗಡಿಯ ಗೋಡೆಗೆ ಒರಗಿಸಿದ್ದ, ಮಿರಮಿರ ಮಿಂಚುತ್ತಿದ್ದ ಇನ್ನೊಂದನ್ನು ಬಿಟ್ಟು ಇದನ್ನೇ ಆರಿಸಿದ್ದು ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಲಿ. ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಸೈನ್ಯಗಳು ಕೈಬಿಟ್ಟ ಬೋಲ್ಟ್ ರೈಫಲ್‌ಗಳು, ಅಂದರೆ ರಷ್ಯಾದ ಮೋಸಿನ್ ನಾಗಾಂತ್, ಯುಗೊಸ್ಲಾವಿಯಾದ ಮೌಸರ್, ಬ್ರಿಟಿಷ್ ಮಾದರಿಯ ಲೀ ಎನ್‌ಫೀಲ್ಡ್, ದಪ್ಪ ಗ್ರೀಸಿನಲ್ಲಿ ಮುಳುಗಿದ ಸ್ಥಿತಿಯಲ್ಲೇ ಬಹುಕಾಲ ಅಗ್ಗದ ಬೆಲೆಗೆ ನಾಗರಿಕರಿಗೆ ಸಿಕ್ಕಿವೆ. 1962ರ ಚೀನಾ ಯುದ್ಧದ ನಂತರ ನಮ್ಮ ಸೈನ್ಯಕ್ಕಾಗಿ ಇಛಾಪುರದಲ್ಲಿ ರೂಪುಗೊಂಡ 7.62 ಮಿ.ಮೀ. ಬೋರಿನ 2ಎ ರೈಫಲ್‌ಗಳೂ ಹೀಗೆಯೇ ಸಮುದ್ರ ದಾಟಿ ಅಲ್ಲಿನ ಹವ್ಯಾಸಿಗಳ ಕೈ ಸೇರಿವೆ. ಆ ವೀಡಿಯೊಗಳನ್ನು ನೋಡಿ, ನಮ್ಮ ಕ್ಯಾಂಪಿನಲ್ಲಿ (ಊರಿನ ದಂಡು ಪ್ರದೇಶದಲ್ಲಿ) ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವೇ ಇರುವುದರಿಂದ ಬೆಳಗಾವಿಯಲ್ಲೂ ಅಂಥ ಹಳೆಯ ಮಾಲು ಸಿಗಬಹುದೆಂದು ಕೇಳುವ ಹುಡುಗರನ್ನು ನಾನು ಕಂಡಿದ್ದೇನೆ. ಸಿಗುವುದಿಲ್ಲ. ಸೈನ್ಯದ .303 ಮತ್ತು 7.62 ಎರಡೂ ನಮ್ಮಲ್ಲಿ ನಿಷೇಧಿತ ಬೋರುಗಳು. ಸಾಮಾನ್ಯ ಪರವಾನಗಿಯ ಮೇಲೆ ಅವನ್ನು ಇಟ್ಟುಕೊಳ್ಳುವಂತಿಲ್ಲ.

ಆ ಸೈನಿಕ ರೈಫಲ್‌ನ ಖಾಸಾ ತಮ್ಮನೆಂದರೆ ಈ .315. ಬೋಲ್ಟಿನ ಕಟ್ಟು ಲೀ ಎನ್‌ಫೀಲ್ಡ್‌ನದೇ. ತೋಟಾ ಮಾತ್ರ ಆಸ್ಟ್ರಿಯಾದ ಹಳೆಯ 8×50 ಮ್ಯಾನ್‌ಲಿಕರ್ ತೋಟಾದಿಂದ ಬಂದದ್ದು. ಸೈನ್ಯದ ಗುಂಡು ಇದಕ್ಕೆ ಹೊಂದುವುದಿಲ್ಲ, ಹೊಂದಬಾರದೆಂಬುದೇ ಬ್ರಿಟಿಷರ ಉದ್ದೇಶವಾಗಿತ್ತು. ಶತಮಾನದ ಹಿಂದಿನ ಆ ಲೆಕ್ಕಾಚಾರದ ಫಲವಾಗಿ ಇಂದಿಗೂ ಭಾರತದ ನಾಗರಿಕನಿಗೆ ನಿಷೇಧವಿಲ್ಲದ ಬೋರಿನಲ್ಲಿ ಒಂದು ಗಟ್ಟಿ ಬೋಲ್ಟ್ ರೈಫಲ್ ದಕ್ಕಿದೆ. ಸರ್ಕಾರಿ ಆಯುಧ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು 2021ರ ಅಕ್ಟೋಬರ್‌ನಲ್ಲಿ ವಿಸರ್ಜಿಸಿ ಏಳು ಕಂಪನಿಗಳಾಗಿ ಒಡೆದ ಮೇಲೆ ಇಛಾಪುರದ ಕಾರ್ಖಾನೆ ಅವುಗಳಲ್ಲಿ ಒಂದರ ಪಾಲಾಗಿದೆ.

ಇನ್ನು ಕಾಗದಪತ್ರದ ವಿಷಯ. 1959ರ ಆಯುಧ ಕಾಯ್ದೆಯಲ್ಲಿ ನಯವಾದ ನಳಿಗೆಯ ಬಂದೂಕಿಗೆ ಪರವಾನಗಿ ಪಡೆಯುವ ದಾರಿ ಸ್ವಲ್ಪ ಸರಳವಾಗಿದೆ. ಆದರೆ ಈ ಬೋರಿನ ರೈಫಲ್‌ಗೆ ಪರವಾನಗಿ ಕೇಳುವವರು ಸಕಾರಣವನ್ನು ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಡಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಮೂರನೆಯದನ್ನು ಬಿಟ್ಟುಕೊಡಬೇಕಾಗಿ ಬಂದದ್ದರಿಂದ ಮನೆಯಲ್ಲಿ ಮೂಲೆ ಹಿಡಿದಿದ್ದ ಕೆಲವು ಒಳ್ಳೆಯ ರೈಫಲ್‌ಗಳು ಮಾರಾಟಕ್ಕೆ ಬಂದವು. ಕೊಳ್ಳುವವರಿಗೆ ಇದು ಅನುಕೂಲವೇ ಆಯಿತು. ಖಾಸಗಿಯವರಿಂದ ನೇರವಾಗಿ ಕೊಳ್ಳುವುದಾದರೆ ಮಾರುವವರು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಕೊಳ್ಳುವವರ ಹೆಸರು, ವಿಳಾಸದ ಸಮೇತ ಬರೆದು ತಿಳಿಸಿ 45 ದಿನ ಕಾಯಬೇಕು. ಪರವಾನಗಿದಾರ ಅಂಗಡಿಯ ಮೂಲಕ ಹೋದರೆ ಈ ಓಡಾಟದ ಬಹುಪಾಲನ್ನು ಅವರೇ ನೋಡಿಕೊಳ್ಳುತ್ತಾರೆ, ಅದಕ್ಕೊಂದಿಷ್ಟು ಹಣ ಕೊಟ್ಟರೂ ನಷ್ಟವಿಲ್ಲ. ನಿಶ್ಶಸ್ತ್ರೀಕರಣ ಕಾಯ್ದೆಗೆ ಮಣಿಯದೆ 1857ರಲ್ಲಿ ಹಲಗಲಿಯ ಬೇಡರು ಬಂಡೆದ್ದ ಸೀಮೆ ನಮ್ಮದು. ಆ ಲಾವಣಿಗಳನ್ನು ಕೇಳಿ ಬೆಳೆದವರಿಗೆ ಆಯುಧದ ದಾಖಲೆ ಎಂದೊಡನೆ ಬೇಸರ ಬರುವುದುಂಟು. ಆದರೆ ಅಂದಿನ ಕಾಯ್ದೆ ಪರಕೀಯರದು, ಇಂದಿನದು ನಾವೇ ಮಾಡಿಕೊಂಡದ್ದು. ರೈಫಲ್‌ನ ಮೇಲಿನ ನಂಬರಿಗೂ ಪರವಾನಗಿ ಪುಸ್ತಕದ ನಂಬರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಅದನ್ನು ಕೊಳ್ಳಬೇಡಿ.

ಈಗ ಆಯ್ಕೆಗೆ ಬರೋಣ. ಅಂಗಡಿಯಲ್ಲಿ ಮೊದಲು ಕೈಗಿತ್ತ ರೈಫಲ್‌ಗೆ ಹೊಸ ವಾರ್ನಿಷ್ ಹೊಡೆದಿತ್ತು, ಉಕ್ಕಿನ ಭಾಗಕ್ಕೆ ಹೊಸ ಕಪ್ಪು ಬಣ್ಣ ಏರಿತ್ತು. ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು, ಅದರ ತಲೆಯನ್ನು ಹಳಿಯಿಂದ ಮೇಲಕ್ಕೆತ್ತಿ ಹೊರತೆಗೆದು ಬೆಳಕಿಗೆ ಹಿಡಿದಾಗ ನಿಜ ಗೊತ್ತಾಯಿತು. ಈ ಮಾದರಿಯ ಬೋಲ್ಟಿನ ಎರಡು ಲಾಕಿಂಗ್ ಲಗ್‌ಗಳು, ಅಂದರೆ ಬೋಲ್ಟನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಉಬ್ಬುಗಳು, ಹಿಂಭಾಗದಲ್ಲಿರುತ್ತವೆ. ಗುಂಡು ಸಿಡಿದಾಗಿನ ಒತ್ತಡವನ್ನು ಅವೆರಡೂ ಸಮನಾಗಿ ಹೊರಬೇಕು. ಅದರಲ್ಲಿ ಬಲಗಡೆಯ ಲಗ್ಗಿನ ಹಿಂಬದಿ ಬೆಳ್ಳಗೆ ಸವೆದು ಹೊಳೆಯುತ್ತಿದ್ದರೆ, ಎಡಗಡೆಯದರ ಮೇಲೆ ಹಳೆಯ ಕಪ್ಪು ಲೇಪ ಹಾಗೆಯೇ ಉಳಿದಿತ್ತು. ಹೊರೆಯೆಲ್ಲ ಒಂದೇ ಕಡೆ ಬೀಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೋಲ್ಟಿನ ಹಿಡಿಯ ಮೇಲಿನ ನಂಬರ್ ಕೂಡ ರಿಸೀವರಿನ (ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಿನ) ನಂಬರಿಗೆ ಹೊಂದುತ್ತಿರಲಿಲ್ಲ. ಬೇರೆ ರೈಫಲ್‌ನ ಬೋಲ್ಟನ್ನು ತಂದು ಕೂಡಿಸಿದ್ದರು. ಪ್ರತಿ ರೈಫಲ್‌ಗೂ ಅದರದೇ ಬೋಲ್ಟನ್ನು ಕಾರ್ಖಾನೆಯಲ್ಲಿ ತಿದ್ದಿ ಕೂಡಿಸಿರುತ್ತಾರಾದ್ದರಿಂದ, ಹೀಗೆ ಅದಲುಬದಲಾದದ್ದನ್ನು ಗೇಜ್ ಹಾಕಿ ಪರೀಕ್ಷಿಸದೆ ಬಳಸುವುದು ಕಣ್ಣಿಗೂ ಕೈಗೂ ಅಪಾಯ.

ನಾನು ಕೊಂಡದ್ದರಲ್ಲಿ ನಂಬರುಗಳು ಹೊಂದುತ್ತಿದ್ದವು, ಎರಡೂ ಲಗ್‌ಗಳು ಒಂದೇ ಸಮನೆ ಸವೆದಿದ್ದವು. ಬ್ಯಾರಲ್ಲಿನ ಒಳಗೆ ಕತ್ತಲೆ ಕವಿದಂತಿದ್ದರೂ ಒಣ ಬಟ್ಟೆ ಎಳೆದ ಮೇಲೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ಅಂಚು ಚೂಪಾಗಿ ಕಂಡಿತು. ಬಾಯಿಯ ಅಂಚನ್ನು ವಿಶೇಷವಾಗಿ ನೋಡಬೇಕು: ಹಿಂದಿನ ಮಾಲೀಕರು ಸಲಾಕೆಯನ್ನು ಮುಂದಿನಿಂದ ತೂರಿಸಿ ಉಜ್ಜಿದ್ದರೆ ಅಲ್ಲಿಯೇ ಗೆರೆ ಸವೆದಿರುತ್ತದೆ, ಗುರಿ ಕೆಡುವುದೂ ಅಲ್ಲಿಂದಲೇ. ಬೋಲ್ಟನ್ನು ತೆಗೆದು ಹಿಂದಿನಿಂದ ಸ್ವಚ್ಛ ಮಾಡುವ ಅನುಕೂಲ ಇರುವಾಗ ಹಾಗೆ ಮಾಡುವ ಅಗತ್ಯವೇ ಇಲ್ಲ.

ದುರಸ್ತಿಯ ಕೆಲಸವನ್ನು ನಗರದ ಒಂದು ಹಳೆಯ ಪರವಾನಗಿದಾರ ಅಂಗಡಿಗೆ ಒಪ್ಪಿಸಿದೆ. ಅಲ್ಲಿನ ಮಿಸ್ತ್ರಿಗಳ ಕೈಗುಣದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಬಿಚ್ಚುವ ಕ್ರಮದಲ್ಲೇ ಅವರ ಅನುಭವ ಕಂಡಿತು. ಲೀ ಎನ್‌ಫೀಲ್ಡ್ ಕಟ್ಟಿನ ಹಳೆಯ ರೈಫಲ್‌ಗಳಲ್ಲಿ ಹಿಂಗಟ್ಟಿಗೆಯೊಳಗೆ ಅದನ್ನು ಬಿಗಿಯುವ ಒಂದು ಉದ್ದನೆಯ ತಿರುಪು ಬೋಲ್ಟ್ (ಗುಂಡು ಏರಿಸುವ ಬೋಲ್ಟಲ್ಲ) ಇರುತ್ತದೆ; ಅದರ ಚೌಕ ತುದಿ ಮುಂಗಟ್ಟಿಗೆಯ ಹಿಂಬದಿಯ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮುಂಗಟ್ಟಿಗೆಯನ್ನು ಮೊದಲು ಕಳಚದೆ ಈ ತಿರುಪು ಬೋಲ್ಟನ್ನು ತಿರುಗಿಸಿದರೆ ಮುಂಗಟ್ಟಿಗೆ ಸೀಳುತ್ತದೆ. ಅವಸರದ ಕೈಗಳು ಹೀಗೆ ಹಾಳು ಮಾಡಿದ ಕಟ್ಟಿಗೆಗಳಿಗೆ ಲೆಕ್ಕವಿಲ್ಲ. ಇವರು ಮುಂದಿನ ಭಾಗವನ್ನು ಮೊದಲು ಇಳಿಸಿ, ಸ್ಕ್ರೂಗಳನ್ನು ಆಯಾ ಸ್ಥಾನದ ಗುರುತಿನೊಂದಿಗೆ ಕಾಗದದ ಮೇಲೆ ಸಾಲಾಗಿ ಜೋಡಿಸಿಟ್ಟುಕೊಂಡೇ ಮುಂದುವರಿದರು.

ಕಟ್ಟಿಗೆಗೆ ಮೇಲಿಂದ ಮೇಲೆ ಪಾಲಿಶ್ ಹಚ್ಚಿ ಮುಗಿಸಬಹುದಿತ್ತಲ್ಲವೇ ಎಂದು ನಾನು ಕೇಳಿದ್ದಕ್ಕೆ ಮಿಸ್ತ್ರಿಗಳು, “ಪಾಲಿಶ್ ಹೊಡಿಯೂದು ಸರಳ ಐತ್ರಿ ಸರ. ಒಳಗ ಕುಡದಿರೋ ಹಳೇ ಎಣ್ಣಿ ತಗೀಲಿಲ್ಲಂದ್ರ ಮಳಿಗಾಲದಾಗ ಮತ್ತ ಕಟಗಿ ಬೆವರತೈತ್ರಿ” ಎಂದರು. ಮಾತು ನಿಜ. ವರ್ಷಗಟ್ಟಲೆ ಯಂತ್ರದ ಎಣ್ಣೆ ಸುರಿದು ಸುರಿದು ರಿಸೀವರ್ ಕೂರುವ ಜಾಗದ ಕಟ್ಟಿಗೆ ಕಪ್ಪಾಗಿ ಮೆತ್ತಗಾಗಿರುತ್ತದೆ, ಗುಂಡಿನ ಒದೆತವನ್ನು ತಾಳಿಕೊಳ್ಳಬೇಕಾದ ಜಾಗವೂ ಅದೇ. ಸೀಮೆಸುಣ್ಣದ ಪುಡಿಯನ್ನು ಅಲ್ಲಿಗೆ ಮೆತ್ತಿ ಬಿಸಿಲಿಗಿಟ್ಟರು. ಬಿಳಿಯ ಪುಡಿ ಸಂಜೆಯ ಹೊತ್ತಿಗೆ ಕಾಕಂಬಿಯ ಬಣ್ಣಕ್ಕೆ ತಿರುಗಿತು. ಅದನ್ನು ಕೆರೆದು ತೆಗೆದು ಮತ್ತೆ ಹೊಸ ಪುಡಿ ಮೆತ್ತಿದರು, ಪುಡಿ ಬೆಳ್ಳಗೇ ಉಳಿಯುವವರೆಗೂ ಇದೇ ಕೆಲಸ. ಆ ಬಳಿಕ ಸವೆದ ಮೂಲೆಗೆ ಗಟ್ಟಿ ಕಟ್ಟಿಗೆಯ ತೆಳು ತುಂಡೊಂದನ್ನು ಕೂಡಿಸಿ, ರಿಸೀವರ್ ಅಲುಗಾಡದಂತೆ ಒಪ್ಪವಾಗಿ ಕೂರುವವರೆಗೆ ಉಜ್ಜಿ ಹೊಂದಿಸಿದರು. ಕೊನೆಗೆ ಹಚ್ಚಿದ್ದು ನಮ್ಮ ಕಡೆಯ ಗಾಣದ ಅಗಸಿ ಎಣ್ಣೆ. ಹಳೆಯ ಸೈನ್ಯಗಳೂ ರೈಫಲ್‌ಗಳ ಕಟ್ಟಿಗೆಗೆ ಇದನ್ನೇ ಕುಡಿಸುತ್ತಿದ್ದವು. ಹಸಿ ಎಣ್ಣೆ ನಿಧಾನವಾಗಿ ಆರುತ್ತದೆ, ತೆಳ್ಳಗೆ ಹಚ್ಚಿ ಒರೆಸುತ್ತ ಹೋಗಬೇಕು. ಆದರೆ ಒಳಕ್ಕಿಳಿದ ಮೇಲೆ ಕಟ್ಟಿಗೆಯ ಎಳೆ ತಾನಾಗಿ ಎದ್ದು ಕಾಣುತ್ತದೆ, ವಾರ್ನಿಷಿನಂತೆ ಪೊರೆ ಬಿಡುವುದಿಲ್ಲ.

ಉಕ್ಕಿನ ಮೇಲಿನ ತುಕ್ಕನ್ನು ತೆಳ್ಳನೆಯ ಎಣ್ಣೆ ಹಾಕಿ ಅತಿ ನುಣುಪಾದ ಉಕ್ಕಿನ ನಾರಿನಿಂದ ಉಜ್ಜಿ ತೆಗೆದರೇ ಹೊರತು ಪಾಲಿಶಿಂಗ್ ಚಕ್ರಕ್ಕೆ ಹಿಡಿಯಲಿಲ್ಲ. ಇದು ನನಗೆ ಬಹಳ ಮುಖ್ಯವಾದ ಸಂಗತಿ. ಚಕ್ರಕ್ಕೆ ಹಿಡಿದರೆ ಕಾರ್ಖಾನೆಯ ಮುದ್ರೆ, ಪ್ರೂಫ್ (ಒತ್ತಡದ ಪರೀಕ್ಷೆಯ) ಗುರುತು, ಸೀರಿಯಲ್ ನಂಬರ್ ಎಲ್ಲವೂ ಮಸುಕಾಗುತ್ತವೆ. ನಂಬರ್ ಅಳಿಸಿದ ರೈಫಲ್ ಇಟ್ಟುಕೊಳ್ಳುವುದು ಅಪರಾಧ, ಮುದ್ರೆ ಅಳಿಸಿದ ರೈಫಲ್ ತನ್ನ ಚರಿತ್ರೆಯನ್ನೇ ಕಳೆದುಕೊಂಡಂತೆ. ಹಳೆಯ ವಸ್ತುವಿನ ದುರಸ್ತಿ ಎಂದರೆ ಅದು ಕೆಲಸ ಮಾಡುವಂತೆ, ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು. ಅದರ ವಯಸ್ಸನ್ನು ಒರೆಸಿಹಾಕುವುದಲ್ಲ. ಬ್ಯಾರಲ್ ಕತ್ತರಿಸಿ ಗಿಡ್ಡ ಮಾಡಿಸುವ, ಬೋರ್ ಬದಲಿಸುವ ಮಾತನ್ನು ಯಾರಾದರೂ ಎತ್ತಿದರೆ ಆ ಅಂಗಡಿಯಿಂದ ಹೊರಗೆ ಬಂದುಬಿಡಿ, ಅದು ಕಾನೂನುಬಾಹಿರ.

ಪರವಾನಗಿ ಇರುವ ರೇಂಜಿನಲ್ಲಿ ಹೊಡೆದು ನೋಡಿದಾಗ ಸಿಕ್ಕ ಫಲ ಮೆಚ್ಚುವಂತಿದೆ. ಬೋಲ್ಟ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಓಡುತ್ತದೆ. ಈ ಕಟ್ಟಿನಲ್ಲಿ ಸ್ಪ್ರಿಂಗಿನ ಬಿಗಿತ ಬರುವುದು ಬೋಲ್ಟನ್ನು ಮುಂದೆ ತಳ್ಳುವಾಗ. ತೆರೆಯುವಾಗ ಕೈ ಹಗುರವಾಗಿ ಮೇಲೇಳುತ್ತದೆ. ಮೌಸರ್ ರೂಢಿಯಿದ್ದವರಿಗೆ ಮೊದಲಿಗೆ ವಿಚಿತ್ರವೆನಿಸಿದರೂ ವೇಗವಾಗಿ ಮತ್ತೊಂದು ಗುಂಡು ಏರಿಸಲು ಇದೇ ಒಳ್ಳೆಯದು. ನೂರು ಗಜಕ್ಕೆ ತೆರೆದ ಸೈಟಿನಿಂದ ಗುಂಡುಗಳು ಹತ್ತಿರ ಹತ್ತಿರವೇ ಬಿದ್ದವು. ಟ್ರಿಗರ್ ಮಾತ್ರ ಭಾರ, ಅದನ್ನು ಹಗುರ ಮಾಡಿಸಲು ನಾನು ಒಪ್ಪಲಿಲ್ಲ. ತೋಟಾ ದುಬಾರಿ, ಎಲ್ಲ ಕಾಲಕ್ಕೂ ಸಿಗುವುದಿಲ್ಲ. ಕೊಳ್ಳುವ ಮುನ್ನ ಅಂಗಡಿಯಲ್ಲಿ ದಾಸ್ತಾನು ವಿಚಾರಿಸುವುದು ಮೇಲು. ತೀರಾ ಹಳೆಯ ತೋಟಾಗಳ ಮದ್ದಿನ ಟೋಪಿಯಲ್ಲಿ (ಕಿಡಿ ಹೊತ್ತಿಸುವ ಪ್ರೈಮರಿನಲ್ಲಿ) ಉಪ್ಪು ಉಳಿಸುವ ರಾಸಾಯನಿಕ ಇರಬಹುದಾದ್ದರಿಂದ, ಅಂಥವನ್ನು ಹೊಡೆದ ದಿನವೇ ಬ್ಯಾರಲ್ಲಿಗೆ ಕುದಿನೀರು ಹಾಯಿಸಿ, ಪೂರ್ತಿ ಒಣಗಿಸಿ ಎಣ್ಣೆ ಹಚ್ಚಬೇಕು. ಬರಿ ಎಣ್ಣೆಗೆ ಉಪ್ಪು ಕರಗುವುದಿಲ್ಲ. ಖಾನಾಪುರದ ಕಡೆಯ ಮಳೆಗಾಲದ ತೇವದಲ್ಲಿ ಆ ಉಪ್ಪು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ.

ಅಂಗಡಿಯ ಬಗ್ಗೆ ಎರಡು ಆಕ್ಷೇಪಗಳಿವೆ. ಹೇಳಿದ ಸಮಯಕ್ಕೆ ಕೆಲಸ ಮುಗಿಯಲಿಲ್ಲ, ವಿಳಂಬವನ್ನು ತಾವಾಗಿ ತಿಳಿಸಲೂ ಇಲ್ಲ. ಬದಲಿಸಿದ ಎಕ್ಸ್‌ಟ್ರಾಕ್ಟರ್ (ಖಾಲಿ ತೋಟಾ ಹೊರಗೆಳೆಯುವ ಕೊಕ್ಕೆಯ) ಸ್ಪ್ರಿಂಗ್, ಸ್ಕ್ರೂಗಳ ಬೆಲೆಯನ್ನು ರಸೀದಿಯಲ್ಲಿ ಬಿಡಿಬಿಡಿಯಾಗಿ ಬರೆಯದೆ ‘ದುರಸ್ತಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಕೇಳಿದ ಮೇಲೆ ತಿದ್ದಿ ಕೊಟ್ಟರು. ರೈಫಲ್ ಒಪ್ಪಿಸುವಾಗಲೇ ಸೀರಿಯಲ್ ನಂಬರ್ ನಮೂದಿಸಿದ ಸ್ವೀಕೃತಿ ಪತ್ರ ಪಡೆದಿಟ್ಟುಕೊಳ್ಳಿ, ಏಕೆಂದರೆ ಚುನಾವಣೆ ಘೋಷಣೆಯಾಗಿ ಆಯುಧಗಳನ್ನು ಠೇವಣಿ ಇಡುವ ಆದೇಶ ಬಂದರೆ ಅದು ಎಲ್ಲಿದೆ ಎಂದು ತೋರಿಸುವ ಕಾಗದ ನಿಮ್ಮ ಬಳಿ ಇರಬೇಕು. ಹಣದ ಲೆಕ್ಕ ಹೇಳುವುದಾದರೆ, ಕೊಂಡ ಬೆಲೆ, ದುರಸ್ತಿ ಎರಡೂ ಸೇರಿ ಹೊಸ ರೈಫಲ್‌ಗಿಂತ ಗಣನೀಯವಾಗಿ ಕಡಿಮೆಯೇ ಆಯಿತು.

ಹೊಲಕ್ಕೆ ಹಂದಿ ನುಗ್ಗುತ್ತದೆಂಬ ಒಂದೇ ಕಾರಣಕ್ಕೆ ಇದನ್ನು ಕೊಳ್ಳಲು ಹೊರಟವರು ಮಾತ್ರ ಸ್ವಲ್ಪ ತಡೆಯಬೇಕು. ಆಯುಧದ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಕಾಡುಹಂದಿಗೂ ಗುಂಡು ಹಾರಿಸುವಂತಿಲ್ಲ. ಮೇಲಾಗಿ ಈ ಗುಂಡು ಕಬ್ಬಿನ ಗದ್ದೆಯನ್ನು ದಾಟಿ ಬಹುದೂರ ಹೋಗುತ್ತದೆ, ಆಚೆ ಬದಿಯ ಹೊಲದಲ್ಲಿ ನೀರು ಹಾಯಿಸುವವರಿರುತ್ತಾರೆ. ಅಂಥವರಿಗೆ ಸೋಲಾರ್ ಬೇಲಿಯೇ ಸರಿ. ಗುರಿ ಹೊಡೆಯುವ ಆಸಕ್ತಿಯುಳ್ಳವರಿಗೆ, ಹಳೆಯ ಯಂತ್ರವೊಂದನ್ನು ಶ್ರದ್ಧೆಯಿಂದ ಕಾಪಾಡುವ ಮನಸ್ಸುಳ್ಳವರಿಗೆ ಐದರಲ್ಲಿ ನಾಲ್ಕು ಅಂಕ ಕೊಟ್ಟು ಈ ರೈಫಲನ್ನೂ, ಆ ಮಿಸ್ತ್ರಿಗಳ ಕೆಲಸವನ್ನೂ ಶಿಫಾರಸು ಮಾಡುತ್ತೇನೆ. ಉಳಿದ ಒಂದು ಅಂಕವನ್ನು ತೋಟಾದ ಬೆಲೆಗೂ ರಸೀದಿಗೂ ಕಡಿದಿದ್ದೇನೆ.