ಲಾಗಿನ್ ಆದ ಕೂಡಲೇ ಡ್ರೈವ್ ಬರಬೇಕು: ಮಾಡಿ ನೋಡಿದ ಮೂರು ದಾರಿ

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನಮ್ಮ ಡಿಟಿಪಿ ಅಂಗಡಿ. ಉಬುಂಟು ಲಿನಕ್ಸ್ ಹಾಕಿದ 4 ಕಂಪ್ಯೂಟರ್, ಎಲ್ಲರ ಫೈಲೂ ಇರುವ ಒಂದು ನ್ಯಾಸ್ (NAS, ನೆಟ್ವರ್ಕ್ ಮೂಲಕ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ). ಬೆಳಿಗ್ಗೆ ಲಾಗಿನ್ ಆದರೆ ಅದರ ಫೋಲ್ಡರ್ ತಾನೇ ಬಂದು ಕೂತಿರಬೇಕು. ಅಷ್ಟೇ ನಮಗೆ ಬೇಕಿದ್ದದ್ದು.

ಮೊದಲು ಎಫ್‌ಎಸ್‌ಟ್ಯಾಬ್. ಯಾವ ಡಿಸ್ಕ್ ಎಲ್ಲಿ ಕೂರಬೇಕು ಎಂದು ಬರೆದಿಡುವ ಸಿಸ್ಟಮ್ ಫೈಲ್ (fstab) ಇದು; ಒಂದು ಸಾಲು ಬರೆದರೆ ಮುಗಿಯಿತು. ಆದರೆ ಇದು ಲಾಗಿನ್ ತನಕ ಕಾಯುವುದಿಲ್ಲ, ಬೂಟ್ ಆಗುವಾಗಲೇ ಮೌಂಟ್ ಮಾಡಲು, ಅಂದರೆ ನ್ಯಾಸ್ ಡ್ರೈವನ್ನು ಒಂದು ಫೋಲ್ಡರಿಗೆ ಜೋಡಿಸಲು ಹೋಗುತ್ತದೆ. ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್ ಬೇಗ ಏಳುತ್ತದೆ, ನ್ಯಾಸ್ ನಿಧಾನ. ಲಾಗಿನ್ ಪರದೆ ಬರುವುದೇ ತಡವಾಗುತ್ತಿತ್ತು. 'ನೋಫೇಲ್' (nofail, ಡ್ರೈವ್ ಸಿಗದಿದ್ದರೂ ಬೂಟ್ ಮುಂದುವರಿಸು ಅನ್ನುವ ಸೂಚನೆ) ಸೇರಿಸಿದೆ, ಅದು ಸರಿಹೋಯಿತು. ಆದರೆ ಇನ್ನೊಂದು ತೊಂದರೆ ಬಂತು. ಸಿದ್ಧಗಂಗಾ ಜಾತ್ರೆ ಸಮಯ, ಫ್ಲೆಕ್ಸ್ ಕೆಲಸ ಜಾಸ್ತಿ. ಅವತ್ತು ಡ್ರೈವ್ ಮೌಂಟ್ ಆಗಿರಲಿಲ್ಲ, ಕಂಪ್ಯೂಟರಿನ ಹೋಮ್ ಫೋಲ್ಡರ್‌ನೊಳಗೆ ಖಾಲಿ ಫೋಲ್ಡರ್ ಮಾತ್ರ ಇತ್ತು. ನಮ್ಮ ಹುಡುಗ ಅದರಲ್ಲೇ 11 ಡಿಸೈನ್ ಸೇವ್ ಮಾಡಿದ. ಮಧ್ಯಾಹ್ನ ನಾನು ಮೌಂಟ್ ಮಾಡಿದೆ, ಹನ್ನೊಂದೂ ಮಾಯ! "ಅಣ್ಣಾ, ಇಲ್ಲೇ ಇಟ್ಟಿದ್ದೆ" ಅನ್ನುವಾಗ ಅವನ ಕಣ್ಣಲ್ಲಿ ನೀರು. ಫೈಲ್ ಎಲ್ಲೂ ಹೋಗಿರಲಿಲ್ಲ. ಅದೇ ಕಂಪ್ಯೂಟರಿನ ಡಿಸ್ಕ್‌ನಲ್ಲಿ, ಮೌಂಟ್ ಆದ ಡ್ರೈವ್‌ನ ಅಡಿಯಲ್ಲಿ ಮುಚ್ಚಿಹೋಗಿದ್ದವು. ಅನ್‌ಮೌಂಟ್ ಮಾಡಿದ ಕೂಡಲೇ ಸಿಕ್ಕವು.

ಆಮೇಲೆ ಪ್ಯಾಮ್ ಮೌಂಟ್ (pam_mount), ಲಾಗಿನ್ ಆಗುವಾಗ ಡ್ರೈವ್ ಜೋಡಿಸುವ ಸಾಫ್ಟ್ವೇರ್. ಮೂರರಲ್ಲಿ ನಿಜವಾಗಿ ಲಾಗಿನ್ ಹೊತ್ತಿಗೆ ಕೆಲಸ ಮಾಡುವುದು ಇದೊಂದೇ. ಲಾಗಿನ್‌ಗೆ ಹೊಡೆದ ಪಾಸ್‌ವರ್ಡನ್ನೇ ನ್ಯಾಸ್‌ಗೂ ಕೊಡುತ್ತದೆ, ಎಲ್ಲೂ ಬರೆದಿಡಬೇಕಿಲ್ಲ. ಲಾಗ್‌ಔಟ್ ಆದರೆ ಡ್ರೈವೂ ಹೋಗುತ್ತದೆ. ಇದು ನನಗೆ ತುಂಬಾ ಹಿಡಿಸಿತು. ಆದರೆ ಎರಡೂ ಕಡೆ ಪಾಸ್‌ವರ್ಡ್ ಒಂದೇ ಇರಬೇಕು. ಆಟೋ ಲಾಗಿನ್ ಇಟ್ಟರೆ ಕೊಡಲು ಪಾಸ್‌ವರ್ಡೇ ಇರುವುದಿಲ್ಲ. ಆ ಹೊತ್ತಿಗೆ ನ್ಯಾಸ್ ಎದ್ದಿಲ್ಲ ಅಂದರೆ, ಮತ್ತೆ ಲಾಗಿನ್ ಆಗಬೇಕು.

ಕೊನೆಗೆ ಎಫ್‌ಎಸ್‌ಟ್ಯಾಬ್‌ನ ಅದೇ ಸಾಲಿಗೆ 'ನೋಆಟೋ', 'ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್' (noauto, x-systemd.automount) ಎಂಬ ಎರಡು ಸೂಚನೆ ಸೇರಿಸಿದೆ. ಫೋಲ್ಡರ್ ತೆರೆದಾಗ ಮಾತ್ರ ಮೌಂಟ್ ಆಗುತ್ತದೆ. ನ್ಯಾಸ್ ಸಿಗದಿದ್ದರೆ ಎರರ್ ಬರುತ್ತದೆ, ಸುಮ್ನೆ ಖಾಲಿ ಫೋಲ್ಡರ್‌ಗೆ ಸೇವ್ ಆಗುವುದಿಲ್ಲ. ನಮಗೆ ಬೇಕಿದ್ದದ್ದು ಇದೇ. ಪಾಸ್‌ವರ್ಡ್ ಮಾತ್ರ ಒಂದು ಫೈಲಿನಲ್ಲಿ ಇಡಬೇಕಾಗುತ್ತದೆ. ಆ ಫೈಲನ್ನು ರೂಟ್ (ಕಂಪ್ಯೂಟರಿನ ಮುಖ್ಯ ಅಡ್ಮಿನ್) ಹೆಸರಿಗೆ ಮಾಡಿ, 600 ಪರ್ಮಿಷನ್ (ಅದರ ಮಾಲೀಕರಿಗೆ ಮಾತ್ರ ಓದಲು, ಬರೆಯಲು ಅವಕಾಶ) ಕೊಡಿ. ಇದನ್ನು ಮರೆಯಲೇಬೇಡಿ.

ಡಿಸೈನ್ ಮಾಡುವ ಮೂರು ಕಂಪ್ಯೂಟರ್‌ಗೂ ಇದನ್ನೇ ಹಾಕಿದ್ದೇನೆ. ಲೆಕ್ಕ ಬರೆಯುವ ಅಕ್ಕನ ಕಂಪ್ಯೂಟರ್‌ಗೆ ಮಾತ್ರ ಪ್ಯಾಮ್ ಮೌಂಟ್. ಸಂಜೆ ಅವರು ಲಾಗ್‌ಔಟ್ ಆಗಿ ಹೋದ ಮೇಲೆ ಬಿಲ್ ಫೋಲ್ಡರ್ ಅಲ್ಲಿ ತೆರೆದಿರಬಾರದು, ಅಲ್ವಾ?