ಫೋನಿಗೆ ಜೋಡಿಸುವ ಕಿವಿ ಕ್ಯಾಮೆರಾ: ನೋಡಲು ಸರಿ, ಕೆರೆಯಲು ಬೇಡ

ಪೆನ್ನಿನಷ್ಟು ಹಿಡಿ, ತುದಿಯಲ್ಲಿ 3.5ರಿಂದ 4 ಮಿ.ಮೀ. ದಪ್ಪದ ಲೆನ್ಸು, ಸುತ್ತ ಪುಟಾಣಿ ಎಲ್‌ಇಡಿ ದೀಪಗಳು, ಮೇಲೆ ಸಿಕ್ಕಿಸಲು ಸಿಲಿಕೋನ್ ಚಮಚ. ಚಿತ್ರ ವೈಫೈನಲ್ಲಿ ಫೋನಿಗೆ ಬರುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಮೆಗಾಪಿಕ್ಸೆಲ್ ಲೆಕ್ಕಕ್ಕೆ ಮರುಳಾಗಬೇಡಿ, ಫೋಕಸ್ ದೂರ ನೋಡಿ. ದೊಡ್ಡವರ ಕಿವಿನಾಳ ಸುಮಾರು 2.5 ಸೆಂ.ಮೀ. ಉದ್ದ. 1.5ರಿಂದ 2 ಸೆಂ.ಮೀ. ದೂರಕ್ಕೆ ಫೋಕಸ್ ಆಗುವ ಕ್ಯಾಮೆರಾ ಆದರೆ ಬಾಗಿಲಲ್ಲೇ ನಿಂತು ಕಿವಿಯ ತಮಟೆ, ಅಂದರೆ ನಾಳದ ಕೊನೆಯ ತೆಳು ಪೊರೆ ತೋರಿಸುತ್ತದೆ. ತೀರಾ ಹತ್ತಿರಕ್ಕಷ್ಟೇ ಫೋಕಸ್ ಆಗುವುದನ್ನು ಆಳಕ್ಕೆ ತೂರಿಸಬೇಕಾಗುತ್ತದೆ. ಅಂಥದ್ದು ಬೇಡ.

ಬಳಸುವ ಮೊದಲು ಒಂದು ನಿಮಿಷ ದೀಪ ಹೊತ್ತಿಸಿಡಿ, ಇಲ್ಲದಿದ್ದರೆ ತಣ್ಣಗಿನ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಹಾಗಂತ ಬಹಳ ಹೊತ್ತು ಉರಿಸಿದರೆ ತುದಿ ಬಿಸಿಯಾಗುತ್ತದೆ. ನಾಳ ನೇರವಾಗಿಲ್ಲ. ದೊಡ್ಡವರ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ, ಪುಟ್ಟ ಮಕ್ಕಳದ್ದನ್ನು ಕೆಳಕ್ಕೂ ಹಿಂದಕ್ಕೂ ಎಳೆದರೆ ದಾರಿ ತೆರೆಯುತ್ತದೆ. ಕ್ಯಾಮೆರಾ ಹಿಡಿದ ಕೈಯ ಕಿರುಬೆರಳು ಕೆನ್ನೆಗೆ ಒತ್ತಿಕೊಂಡಿರಲಿ. ತಲೆ ಅಲುಗಿದರೆ ಕೈಯೂ ಜೊತೆಗೇ ಹೋಗುತ್ತದೆ, ತುದಿ ಒಳಗೆ ಚುಚ್ಚುವುದಿಲ್ಲ. ನಾಳದ ಹೊರಗಿನ ಮೂರನೇ ಒಂದು ಭಾಗ ದಾಟಬೇಡಿ. ಅಲ್ಲಿಂದ ಒಳಗೆ ಎಲುಬಿಗೆ ಅಂಟಿದ ತೆಳು ಚರ್ಮ, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಕೆಲವರಿಗೆ ಕೆಮ್ಮೂ ಬರುತ್ತದೆ, ಮಿದುಳಿನಿಂದ ಗಂಟಲು, ಎದೆಗೆ ಇಳಿಯುವ ವೇಗಸ್ ನರದ ಕವಲೊಂದು ಅಲ್ಲಿ ಹಾಯುವುದರಿಂದ.

ಆರೋಗ್ಯವಾಗಿರುವ ತಮಟೆ ಮುತ್ತಿನ ಬೂದು ಬಣ್ಣದ್ದು, ಅರೆಪಾರದರ್ಶಕ. ಬಲಗಿವಿಯಲ್ಲಿ ಗಡಿಯಾರದ 5ರ ಕಡೆ, ಎಡಗಿವಿಯಲ್ಲಿ 7ರ ಕಡೆ ಬೆಳಕಿನ ತ್ರಿಕೋನ ಹೊಳೆಯುತ್ತದೆ. ತಮಟೆ ಹೊರಕ್ಕೆ ಉಬ್ಬಿ, ಮಂಕಾಗಿ, ಹಳದಿ ಅಥವಾ ಕೆಂಪಾಗಿದ್ದರೆ ತಮಟೆಯ ಹಿಂದಿನ ನಡುಗಿವಿಯಲ್ಲಿ ಕೀವು ತುಂಬಿರಬಹುದು. ಹಿಂದೆ ಗುಳ್ಳೆಗಳೋ ದ್ರವದ ಗೆರೆಯೋ ಕಂಡರೆ ನೀರು ನಿಂತಿದೆ ಎಂದರ್ಥ. ನೋವಿಲ್ಲದಿದ್ದರೂ ಮಗುವಿನ ಕೇಳುವಿಕೆ ಇದರಿಂದಲೇ ಮಂದವಾಗುವುದುಂಟು. ನಾಳದಲ್ಲಿ ಒದ್ದೆ ಹತ್ತಿಯಂಥ ಬಿಳಿ, ಅದರ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಸಾಮಾನ್ಯವಾಗಿ ಶಿಲೀಂಧ್ರ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಹನಿ ಅದಕ್ಕೆ ಹಾಕಿದರೆ ಹೆಚ್ಚಾಗಬಹುದು.

ಇಷ್ಟಾದರೂ ಸೋಂಕು ಇದೆಯೋ ಇಲ್ಲವೋ ಎಂದು ಈ ಸಾಧನ ತೀರ್ಪು ಕೊಡಲಾರದು. ಮಗು ಅತ್ತರೂ, ಜ್ವರ ಬಂದರೂ ತಮಟೆ ಕೆಂಪಾಗುತ್ತದೆ. ಅಗ್ಗದ ಎಲ್‌ಇಡಿ ಬೆಳಕು ಬಣ್ಣವನ್ನೇ ಬದಲಿಸಿ ತೋರಿಸುತ್ತದೆ. ವೈದ್ಯರು ರಬ್ಬರ್ ಬುಡ್ಡೆ ಒತ್ತಿ ಗಾಳಿ ಬಿಟ್ಟು ತಮಟೆ ಅಲುಗುತ್ತದೆಯೇ ಎಂದು ನೋಡುತ್ತಾರೆ, ಇದರಲ್ಲಿ ಆ ಸೌಲಭ್ಯವಿಲ್ಲ. ವಿಡಿಯೋ ಉಳಿಸಿ ಇಎನ್‌ಟಿ ವೈದ್ಯರಿಗೆ ತೋರಿಸಲು ಮಾತ್ರ ಬಲು ಉಪಯೋಗ. ಕಿವಿ ಹಿಂದೆ ಊತ, ಮುಖ ಸೊಟ್ಟಗಾಗುವುದು, ತಲೆಸುತ್ತು, ದಿಢೀರನೆ ಕೇಳಿಸದಿರುವುದು, ಮಧುಮೇಹಿಗಳಿಗೆ ತೀವ್ರ ಕಿವಿನೋವು: ಇವಿದ್ದರೆ ಕ್ಯಾಮೆರಾ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಇನ್ನು ಆ ಚಮಚ. ತಯಾರಕರು ಮಾರುವುದೇ ಗುಗ್ಗೆ ತೆಗೆಯುವ ಸಾಧನವೆಂದು, ಎಡವುವುದೂ ಅಲ್ಲೇ. ಒಂದೇ ಲೆನ್ಸಿನ ಚಿತ್ರದಲ್ಲಿ ಆಳ ತಿಳಿಯುವುದಿಲ್ಲ. ವೈಫೈ ತುಸು ತಡ ಮಾಡುವುದರಿಂದ ಕೈ ಮುಂದೆ ಹೋದ ಮೇಲೆ ಪರದೆಯಲ್ಲಿ ಕಾಣುತ್ತದೆ. ತಿರುಗುವಿಕೆಯನ್ನು ಗುರುತಿಸುವ ಜೈರೋಸ್ಕೋಪ್ ಇಲ್ಲದವುಗಳಲ್ಲಿ ಹಿಡಿ ತಿರುಗಿದರೆ ಚಿತ್ರವೂ ತಿರುಗಿ ಎಡಬಲ ಅದಲುಬದಲು. ಗುಗ್ಗೆ ಹುಟ್ಟುವುದು ನಾಳದ ಹೊರಭಾಗದಲ್ಲಿ ಮಾತ್ರ. ತಮಟೆಯ ಹತ್ತಿರ ಮುದ್ದೆ ಕಂಡರೆ ಅದು ಬಹುಪಾಲು ಬಡ್ಸ್ ಅಥವಾ ಇಂಥದೇ ಚಮಚ ಒಳತಳ್ಳಿದ್ದು. ಕೆರೆದ ಗೀರಿನಲ್ಲಿ ನೀರು ಸೇರಿದರೆ ನಾಳದ ಸೋಂಕಿಗೆ ದಾರಿ ಸುಲಭ. ಚಮಚ ಕಳಚಿ ಬದಿಗಿಟ್ಟು, ಲೆನ್ಸಿನ ತುದಿಗೆ ಹಾಕಲು ಚಮಚವಿಲ್ಲದ ಬರೀ ಕವಚ ಕೊಟ್ಟಿದ್ದರೆ ಅದನ್ನು ಬಳಸಿ.

ಪ್ರತಿ ಬಳಕೆಯ ನಂತರ 70% ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೇ ಮತ್ತೆ ಮುಟ್ಟಿ. ಎರಡೂ ಕಿವಿ ನೋಡುವುದಿದ್ದರೆ ಮೊದಲು ಚೆನ್ನಾಗಿರುವುದು, ಸೋರುವ ಕಿವಿ ಕೊನೆಗೆ.